‘ಮನೇಲಿ ಸ್ವಲ್ಪ ತೊಂದರೆ, ಪ್ರಾರ್ಥನೆ ಮಾಡಿ’ ಅಂದಾಗ ಚರ್ಚ್ ಏನು ಮಾಡಬೇಕು?

ಚರ್ಚಿನಲ್ಲಿ ಕಾಣಿಕೆ ಎಣಿಸುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಒಂದು ಕವರ್ ವಾರ ವಾರವೂ ಖಾಲಿ ಬರುತ್ತಿತ್ತು. ಮೇಲೆ ನೀಟಾಗಿ ಹೆಸರು, ಬಾಯಿಗೆ ಅಂಟು, ಒಳಗೆ ಏನೂ ಇಲ್ಲ. ಹಾಕುವುದು ಮರೆತಿರಬೇಕು ಅಂದುಕೊಂಡೆವು. ಆಮೇಲಾಮೇಲೆ ಅದನ್ನು ನೋಡಿ ನಕ್ಕಿದ್ದೂ ಉಂಟು. ಆ ಸಹೋದರಿಗೆ ಒಳ್ಳೆಯ ಕೆಲಸವಿತ್ತು. ಆದರೆ ಸಂಬಳ ಬಂದ ದಿನವೇ ಅಷ್ಟೂ ಗಂಡನ ಕೈಗೆ ಹೋಗುತ್ತಿತ್ತು ಅಂತ ನಮಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ. ಕಾಣಿಕೆ ಚೀಲ ಮುಂದೆ ಬಂದಾಗ ಬರಿಗೈ ಕಾಣಬಾರದಲ್ವಾ, ಅದಕ್ಕೆ ಖಾಲಿ ಕವರ್. ಗಂಡ ಅದೇ ಚರ್ಚಿನಲ್ಲಿ ಹಾಡಿನ ತಂಡ ನಡೆಸುತ್ತಿದ್ದ.

ಕೊನೆಗೊಂದು ದಿನ ಅವರು ಬಾಯಿಬಿಟ್ಟರು. ಆಗ ನಾವು ಮಾಡಿದ್ದೇನು? ಗಂಡ ಹೆಂಡತಿ ಇಬ್ಬರನ್ನೂ ಕರೆಸಿದೆವು. ಒಂದೇ ಸೋಫಾದಲ್ಲಿ ಕೂರಿಸಿ ವಾಕ್ಯ ಓದಿ, ಪ್ರಾರ್ಥಿಸಿ, ಕೈ ಹಿಡಿಸಿ ಕಳಿಸಿದೆವು. ಕಾರಿನ ಬಾಗಿಲು ಮುಚ್ಚಿದ ಮೇಲೆ ಮನೆ ಮುಟ್ಟುವವರೆಗೆ ಅವನು ಒಂದು ಮಾತೂ ಆಡಲಿಲ್ಲವಂತೆ. ಮನೆಯೊಳಗೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಮೂರು ತಿಂಗಳು ಅವರು ಚರ್ಚಿಗೆ ಬರಲಿಲ್ಲ.

ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅದು. ಮದುವೆ ಉಳಿಸುವ ಆತುರ, ಅಷ್ಟೇ. ಆ ಆತುರಕ್ಕೆ ಬೆಲೆ ಕೊಟ್ಟಿದ್ದು ಮಾತ್ರ ಅವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಾಸ್ಟರಿಗೆ, ಫಾದರಿಗೆ, ಸಭೆಯ ಹಿರಿಯರಿಗೆ, ಮಹಿಳಾ ಕೂಟ ನಡೆಸುವವರಿಗೆ, ಪಕ್ಕದ ಬೆಂಚಿನಲ್ಲಿ ಕೂರುವ ಗೆಳತಿಗೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅಂತ.

ಶುರು ಮಾಡುವ ಮುಂಚೆ ಒಂದು ಮಾತು. ಏಟು ತಿನ್ನುತ್ತಿರುವವರು ನೀವೇ ಆಗಿದ್ದು, ನಿಮ್ಮ ಫೋನನ್ನು ಹೊಡೆಯುವವರೂ ನೋಡುತ್ತಾರೆ ಅಂತಿದ್ದರೆ, ಇದನ್ನು ಬೇರೆಯವರ ಫೋನಿನಲ್ಲಿ ಓದಿ. ಈಗಾಗಲೇ ತೆರೆದಿದ್ದರೆ ಓದಿದ ಮೇಲೆ ಬ್ರೌಸರಿನ ಹಿಸ್ಟರಿಯಿಂದ ಇದೊಂದನ್ನೇ ಅಳಿಸಿ. ಪೂರ್ತಿ ಹಿಸ್ಟರಿ ಖಾಲಿ ಕಂಡರೂ ಅನುಮಾನ ಬರುತ್ತದೆ.

1. ಏಟು ಬಿದ್ದರೆ ಮಾತ್ರ ಹಿಂಸೆ ಅಂದುಕೊಳ್ಳಬೇಡಿ

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಮದುವೆಯಾಗಿರುವ ಅಥವಾ ಸಂಗಾತಿ ಇದ್ದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು 27% ಮಂದಿ ಆ ಸಂಗಾತಿಯಿಂದಲೇ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಇದು ಇಡೀ ಜಗತ್ತಿನ ಲೆಕ್ಕ. ‘ನಮ್ಮ ಸಭೆಯಲ್ಲಿ ಅಂಥದ್ದೇನಿಲ್ಲ’ ಅನ್ನುವ ಹಿರಿಯರಿಗೆ ನಾನು ಹೇಳುವುದಿಷ್ಟೇ: ನಿಮ್ಮ ಹತ್ತಿರ ಬಂದು ಯಾರೂ ಹೇಳಿಲ್ಲ, ಅಷ್ಟೇ ನಿಮಗೆ ಗೊತ್ತಿರುವುದು.

ಅಮೆರಿಕದ ಡುಲುತ್ ಎಂಬ ಊರಿನಲ್ಲಿ 1984ರಲ್ಲಿ ಏಟು ತಿಂದ ಹೆಂಗಸರ ಮಾತು ಕೇಳಿ ಕೇಳಿಯೇ ಒಂದು ಚಕ್ರದ ಚಿತ್ರ ಬರೆದರು. ಚಕ್ರದ ಹೊರಗಿನ ಪಟ್ಟಿಯಲ್ಲಿ ದೈಹಿಕ ಮತ್ತು ಲೈಂಗಿಕ ಹಿಂಸೆ. ಒಳಗಿನ ಕಡ್ಡಿಗಳಲ್ಲಿ ಬೆದರಿಕೆ, ಅವಮಾನ, ಯಾರ ಜೊತೆಗೂ ಬೆರೆಯದಂತೆ ಮಾಡುವುದು, ದುಡ್ಡು ಕಿತ್ತುಕೊಳ್ಳುವುದು, ಮಕ್ಕಳನ್ನು ಅಸ್ತ್ರ ಮಾಡಿಕೊಳ್ಳುವುದು, ‘ನೀನೇ ಹಾಗೆ ಮಾಡಿಸಿದ್ದು’ ಅನ್ನುವುದು. ನಡುವೆ, ಗುಂಬದ ಜಾಗದಲ್ಲಿ, ಅಧಿಕಾರ ಮತ್ತು ಹಿಡಿತ. ಏಟು ವರ್ಷಕ್ಕೊಂದು ಸಲ ಬೀಳಬಹುದು. ಕಡ್ಡಿಗಳು ಮಾತ್ರ ದಿನಾ ತಿರುಗುತ್ತಿರುತ್ತವೆ.

ನಂಬಿಕೆಯ ಮನೆಗಳಲ್ಲಿ ಇನ್ನೊಂದು ಕಡ್ಡಿಯೂ ಇರುತ್ತದೆ. ವಾಕ್ಯವನ್ನೇ ಕೋಲು ಮಾಡಿಕೊಳ್ಳುವುದು. ಎದುರು ಮಾತಾಡಿದರೆ ‘ನಿನ್ನಲ್ಲಿ ದಂಗೆಯ ಆತ್ಮ ಇದೆ’ ಅನ್ನುವುದು. ಹೆಂಡತಿಗಿಂತ ಮೊದಲೇ ಪಾಸ್ಟರ್ ಹತ್ತಿರ ಹೋಗಿ ‘ಅವಳು ವಿಶ್ವಾಸದಲ್ಲಿ ಬಿದ್ದುಹೋಗಿದ್ದಾಳೆ, ಪ್ರಾರ್ಥಿಸಿ’ ಅಂತ ಕಣ್ಣೀರು ಹಾಕಿ ಬರುವುದು. ಒಪ್ಪದ ದಿನವೂ ‘ನಿನ್ನ ದೇಹದ ಮೇಲೆ ನನಗೆ ಅಧಿಕಾರ’ ಅಂತ 1 ಕೊರಿಂಥ 7:4 ಹೇಳುವುದು. ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರ ಅಂತ ಅದೇ ವಚನದಲ್ಲಿದೆ. ಆ ಅರ್ಧ ಅವರ ಬಾಯಲ್ಲಿ ಬರುವುದಿಲ್ಲ.

ಗಂಡಸರೂ ಇಂಥದ್ದಕ್ಕೆ ಸಿಕ್ಕುತ್ತಾರೆ, ನಾಚಿಕೆಗೆ ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ. ಇಲ್ಲಿ ‘ಅವರು’ ಅಂದಲ್ಲೆಲ್ಲ ಬೇಕಾದರೆ ಗಂಡಸರನ್ನೂ ಇಟ್ಟು ಓದಿ, ಹೆಜ್ಜೆಗಳು ಅವೇ.

2. ಹೇಳಿಕೊಂಡಾಗ ಮೊದಲ ಐದು ನಿಮಿಷ

ಯಾರೂ ನೇರವಾಗಿ ‘ಹೊಡೆಯುತ್ತಾರೆ’ ಅನ್ನುವುದಿಲ್ಲ. ‘ಅವರಿಗೆ ಸ್ವಲ್ಪ ಕೋಪ ಜಾಸ್ತಿ’, ‘ಮನೇಲಿ ಸಮಾಧಾನ ಇಲ್ಲ’, ‘ಪ್ರಾರ್ಥನೆ ಮಾಡಿ ಅಕ್ಕ’. ಹೀಗೆ ಶುರುವಾಗುತ್ತದೆ. ನೀವು ತಕ್ಷಣ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರೆ ಮಾತು ಅಲ್ಲಿಗೇ ನಿಂತಿತು. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ. ಮೊದಲು ಕೇಳಿ: ‘ಕೋಪ ಬಂದಾಗ ಏನು ಮಾಡ್ತಾರೆ?’ ‘ನಿಮಗೆ ಅವರನ್ನು ಕಂಡರೆ ಭಯ ಆಗುತ್ತಾ?’ ಕೇಳಿ ಸುಮ್ನೆ ಇರಿ. ಮೌನವನ್ನು ತುಂಬಲು ಹೋಗಬೇಡಿ.

ಆರೋಗ್ಯ ಕಾರ್ಯಕರ್ತರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಡುವ ಕ್ರಮ ನಮಗೂ ಆಗುತ್ತದೆ. ಕೇಳಿಸಿಕೊಳ್ಳಿ, ಏನು ಬೇಕು ಅಂತ ವಿಚಾರಿಸಿ, ನಂಬಿದ್ದೇನೆ ಅಂತ ತಿಳಿಸಿ, ಅಪಾಯ ಕಡಿಮೆ ಮಾಡಿ, ಮುಂದಿನ ನೆರವಿಗೆ ಜೊತೆಯಾಗಿ. ಇದರಲ್ಲಿ ಮೂರನೆಯದೇ ನಮ್ಮವರಿಗೆ ಕಷ್ಟ. ‘ನಾನು ನಿಮ್ಮ ಮಾತು ನಂಬ್ತೀನಿ. ತಪ್ಪು ನಿಮ್ಮದಲ್ಲ.’ ಇಷ್ಟು ಹೇಳಲು ಎರಡೂ ಕಡೆಯ ವಾದ ಕೇಳಬೇಕಾಗಿಲ್ಲ. ನೀವು ನ್ಯಾಯಾಧೀಶರಲ್ಲ, ತೀರ್ಪು ಕೊಡುತ್ತಿಲ್ಲ.

ಕೇಳಬಾರದ ಪ್ರಶ್ನೆಗಳೂ ಇವೆ. ‘ನೀವೇನಂದ್ರಿ ಅವರಿಗೆ?’, ‘ಅಷ್ಟು ಒಳ್ಳೆ ಬ್ರದರ್, ಅವರಾ?’, ‘ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?’ ಇದರಲ್ಲಿ ಒಂದು ಬಾಯಿಂದ ಬಿದ್ದರೂ ಅವರು ಇನ್ನು ಕೆಲವು ವರ್ಷ ಯಾರಿಗೂ ಹೇಳದೆ ಉಳಿಯಬಹುದು.

ಗುಟ್ಟಿನ ವಿಷಯ. ಇದನ್ನು ಪ್ರಾರ್ಥನಾ ಗುಂಪಿನ ವಾಟ್ಸಾಪಿಗೆ ಹಾಕಬೇಡಿ. ‘ಒಬ್ಬ ಸಹೋದರಿಯ ಕುಟುಂಬಕ್ಕಾಗಿ’ ಅಂತ ಹೆಸರಿಲ್ಲದೆ ಹಾಕಿದರೂ ಸಂಜೆಯೊಳಗೆ ಎಲ್ಲರಿಗೂ ಹೆಸರು ಗೊತ್ತಾಗಿರುತ್ತದೆ. ಹಾಗಂತ ‘ಯಾರಿಗೂ ಹೇಳಲ್ಲ’ ಅಂತ ಪೂರ್ತಿ ಮಾತನ್ನೂ ಕೊಡಬೇಡಿ. ಮಕ್ಕಳ ಮೇಲೆ ಹಿಂಸೆ ಇದ್ದರೆ ತಿಳಿಸಲೇಬೇಕು ಅನ್ನುವ ಕಾನೂನು ಎಷ್ಟೋ ಕಡೆ ಇದೆ. ಅದನ್ನು ಮೊದಲೇ ಹೇಳಿಬಿಡಿ. ಕಥೋಲಿಕರಿಗೆ ಇನ್ನೊಂದು ಸೂಕ್ಷ್ಮ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರ ಮುಂದೆಯೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಅದನ್ನು ಇಟ್ಟುಕೊಂಡು ಹೆಜ್ಜೆ ಇಡುವಂತೆಯೂ ಇಲ್ಲ. ಆದ್ದರಿಂದ ನೆರವು ಬೇಕಿದ್ದರೆ ಅದೇ ಮಾತನ್ನು ನಿವೇದನೆಯ ಹೊರಗೆ, ಕಚೇರಿಯಲ್ಲೋ ಅಂಗಳದಲ್ಲೋ ಮತ್ತೊಮ್ಮೆ ಹೇಳಬೇಕು. ಗುರುಗಳೇ ‘ಆಮೇಲೆ ಹೊರಗೆ ಸಿಗಿ’ ಅಂತ ಕರೆದರೆ ಒಳ್ಳೆಯದು.

3. ಅಪಾಯ ಎಷ್ಟಿದೆ ಅಂತ ನೇರವಾಗಿ ಕೇಳಿ

ಇಲ್ಲಿ ನಯ ನಾಜೂಕು ಬೇಡ. ಕತ್ತು ಹಿಸುಕಿದ್ದಾರಾ? ಆಯುಧ ಹಿಡಿದು ಹೆದರಿಸಿದ್ದಾರಾ? ಕೊಲ್ಲುತ್ತೇನೆ ಅಥವಾ ನಾನೇ ಸಾಯುತ್ತೇನೆ ಅಂದಿದ್ದಾರಾ? ಹೋದಲ್ಲೆಲ್ಲ ಹಿಂಬಾಲಿಸುತ್ತಾರಾ? ಬಸುರಿಯಾಗಿದ್ದಾಗ ಹೊಡೆದಿದ್ದಾರಾ? ಇತ್ತೀಚೆಗೆ ಜಾಸ್ತಿಯಾಗಿದೆಯಾ? ಬಿಟ್ಟು ಹೋಗುವ ಮಾತು ಅವರ ಕಿವಿಗೆ ಬಿದ್ದಿದೆಯಾ?

ಕತ್ತು ಹಿಸುಕುವುದನ್ನು ಪ್ರತ್ಯೇಕವಾಗಿ ಕೇಳಬೇಕು. ಏಕೆಂದರೆ ಅವರಾಗಿಯೇ ಹೇಳುವುದಿಲ್ಲ. ‘ಸುಮ್ನೆ ಕತ್ತು ಹಿಡಿದರು ಅಷ್ಟೇ’ ಅನ್ನುತ್ತಾರೆ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂಗಾತಿ ಹಿಂದೆ ಕತ್ತು ಹಿಸುಕಿದ್ದ ಹೆಂಗಸರು ಮುಂದೆ ಅದೇ ಸಂಗಾತಿಯಿಂದ ಕೊಲೆಯಾಗುವ ಸಂಭವ ಸುಮಾರು 7 ಪಟ್ಟು ಹೆಚ್ಚು ಅಂತ ಕಂಡುಬಂತು. ಕತ್ತಿನ ಮೇಲೆ ಗುರುತಿಲ್ಲದಿದ್ದರೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು, ಗಂಟೆಗಳೋ ದಿನಗಳೋ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ದನಿ ಒಡೆದಿದೆ, ನುಂಗಲು ಕಷ್ಟ, ತಲೆ ಸುತ್ತು ಅಂದರೆ ಪ್ರಾರ್ಥನೆ ದಾರಿಯಲ್ಲಿ ಮಾಡೋಣ, ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಉತ್ತರಗಳು ಹೆದರಿಸುವಂತಿದ್ದರೆ ಪೊಲೀಸ್, ಹೆಲ್ಪ್‌ಲೈನ್, ಆಶ್ರಯ ಮನೆ, ಇವರ ಜೊತೆ ಅವತ್ತೇ ಮಾತಾಡಿಸಿ. ಫೋನ್ ನಿಮ್ಮದೇ ಇರಲಿ. ಕರೆ ಮಾಡುವ ತೀರ್ಮಾನ ಅವರದು.

4. ಗಂಡನ ಹತ್ತಿರ ಹೋಗಬೇಡಿ

ಈಗಲ್ಲ. ಹೆಂಡತಿಯೇ ‘ಹೋಗಿ’ ಅನ್ನದೆ ಹೋಗಲೇಬೇಡಿ. ‘ಒಂದು ಮಾತು ಹೇಳಿ ಬರ್ತೀನಿ’ ಅಂತ ನೀವು ಹೋದರೆ, ಹೆಂಡತಿ ಬಾಯಿಬಿಟ್ಟಿದ್ದಾಳೆ ಅಂತ ಅವನಿಗೆ ಗೊತ್ತಾಯಿತು. ನೀವು ಕಾಫಿ ಕುಡಿದು ಎದ್ದು ಬರುತ್ತೀರಿ, ಅವರು ಆ ಮನೆಯಲ್ಲೇ ಇರುತ್ತಾರೆ.

ಜೋಡಿ ಕೌನ್ಸೆಲಿಂಗೂ ಬೇಡ. ಅದು ಸಮಬಲದವರಿಗೆ. ಭಯ ಇರುವ ಕಡೆ ಒಬ್ಬರು ಪಕ್ಕದವರ ಮುಖ ನೋಡಿಕೊಂಡೇ ಮಾತಾಡುತ್ತಾರೆ. ನಿಜ ಹೇಳಿದರೆ ರಾತ್ರಿ ಪೆಟ್ಟು, ಹೇಳದಿದ್ದರೆ ‘ನೋಡಿ, ಏನೂ ಇಲ್ಲ’ ಅಂತ ಹಿರಿಯರು ನಿರಾಳ. ನಮ್ಮ ಆ ಸೋಫಾದಲ್ಲಿ ಆಗಿದ್ದು ಅದೇ.

ಕೆಲವರು ಮತ್ತಾಯ 18:15 ತೆಗೆಯುತ್ತಾರೆ. ‘ಮೊದಲು ನೀನೊಬ್ಬಳೇ ಹೋಗಿ ಅವನ ತಪ್ಪು ತಿಳಿಸಿದೆಯಾ?’ ಅಂತ. ಹೊಡೆಯುವವನ ಎದುರು ಒಬ್ಬಳೇ ನಿಂತು ಎಷ್ಟು ಸಲ ಹೇಳಿ ನೋಡಿಲ್ಲ ಅವಳು? ಅದೇ ಭಾಗ 17ನೇ ವಚನದಲ್ಲಿ, ಸಭೆಯ ಮಾತೂ ಕೇಳದವನು ಹೊರಗಿನವನಂತೆ ಇರಲಿ ಅಂತ ಮುಗಿಯುತ್ತದೆ. ಅಲ್ಲಿಗೆ ತಲುಪುವ ಸಭೆಗಳು ಕಡಿಮೆ.

5. ಸುರಕ್ಷತೆಯ ತಯಾರಿ, ಸದ್ದಿಲ್ಲದೆ

ಬಿಟ್ಟು ಹೋಗುವ ಹೊತ್ತು ಮತ್ತು ಹೋದ ಮೇಲಿನ ಕೆಲವು ತಿಂಗಳೇ ತುಂಬಾ ಅಪಾಯದ ಕಾಲ. ಹಿಡಿತ ಕೈ ತಪ್ಪುತ್ತಿದೆ ಅಂತ ಅವನಿಗೆ ಗೊತ್ತಾಗುವುದು ಆಗಲೇ. ‘ಸುಮ್ನೆ ಬಿಟ್ಟು ಬನ್ನಿ’ ಅನ್ನುವುದು ಸುಲಭ. ಇರುವುದೋ ಹೋಗುವುದೋ, ಯಾವಾಗ ಅನ್ನೋದು ಅವರ ತೀರ್ಮಾನ. ನಿಮ್ಮ ಕೆಲಸ ಎರಡಕ್ಕೂ ತಯಾರಿ ಮಾಡಿಸುವುದು.

ಗುರುತಿನ ಚೀಟಿ, ಮಕ್ಕಳ ಜನನ ಪತ್ರ, ಮದುವೆ ಸರ್ಟಿಫಿಕೇಟ್, ಬ್ಯಾಂಕಿನ ಕಾಗದ, ಔಷಧಿ ಚೀಟಿ. ಇವುಗಳ ಫೋಟೋ ಅಥವಾ ಜೆರಾಕ್ಸ್ ಒಂದು ನಂಬಿಕಸ್ಥರ ಮನೆಯಲ್ಲಿರಲಿ. ಜೊತೆಗೆ ಒಂದು ಜೊತೆ ಬಟ್ಟೆ, ಸ್ವಲ್ಪ ನಗದು, ಮನೆಯ ಇನ್ನೊಂದು ಕೀ. ಮದುವೆಯಾಗಿದ್ದು ನಿಮ್ಮ ಚರ್ಚಿನಲ್ಲೇ ಆಗಿದ್ದರೆ ರಿಜಿಸ್ಟರಿನ ನಕಲು ಕೊಡುವುದು ನಿಮ್ಮ ಕೈಯಲ್ಲೇ ಇದೆ. ಅರ್ಜಿ, ಕಮಿಟಿ ಮೀಟಿಂಗ್ ಅಂತ ಓಡಾಡಿಸಬೇಡಿ.

ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಒಬ್ಬರು ‘ಸಂಡೇ ಸ್ಕೂಲಿನ ಕತ್ತರಿ ನಿಮ್ಮ ಹತ್ತಿರ ಇದೆಯಾ?’ ಅಂತ ಮೆಸೇಜ್ ಕಳಿಸುತ್ತಿದ್ದರು. ಇದೆ ಅಂದರೆ ನಾನು ಹತ್ತು ನಿಮಿಷದಲ್ಲಿ ಅವರ ಗೇಟಿನ ಹತ್ತಿರ ಇರುತ್ತೇನೆ ಅಂತ. ಎರಡು ಸಲ ಆ ಕತ್ತರಿ ಕೆಲಸಕ್ಕೆ ಬಂತು.

ಜಗಳ ಏರುವಾಗ ಅಡುಗೆಮನೆ, ಬಾತ್‌ರೂಮು ಬೇಡ. ಒಂದು ಕಡೆ ಚಾಕು, ಇನ್ನೊಂದು ಕಡೆ ಹೊರಗೆ ಹೋಗಲು ದಾರಿಯಿಲ್ಲ. ಹೊರಗೆ ಹೋಗುವ ಬಾಗಿಲಿರುವ ಕೋಣೆಯ ಕಡೆ ಸರಿಯಬೇಕು. ಮಕ್ಕಳಿಗೆ ‘ಬಿಡಿಸಲು ಹೋಗಬೇಡಿ, ಪಕ್ಕದ ಮನೆಗೆ ಓಡಿ’ ಅಂತ ಹೇಳಿಕೊಡಬೇಕು. ಫೋನಿನಲ್ಲಿ ಲೊಕೇಶನ್ ಯಾರಿಗೆ ಹೋಗುತ್ತಿದೆ, ವಾಟ್ಸಾಪ್ ಬೇರೆ ಕಂಪ್ಯೂಟರಿನಲ್ಲಿ ತೆರೆದಿದೆಯಾ ನೋಡಬೇಕು. ಆದರೆ ಕಂಡ ತಕ್ಷಣ ಕಿತ್ತುಹಾಕಬಾರದು. ಅದೂ ಅವನಿಗೆ ಸುಳಿವೇ. ಗಾಯದ ಫೋಟೋ, ತಾರೀಖು, ಬೆದರಿಕೆಯ ಮೆಸೇಜು, ಇವೆಲ್ಲ ಅವರ ಫೋನಿನಲ್ಲಿ ಉಳಿಯದೆ ಬೇರೆ ಕಡೆ ಸೇರಲಿ.

6. ವಚನಗಳ ಗಂಟು ಬಿಡಿಸಿ

ಕೈಯಲ್ಲಿ ದುಡ್ಡಿದ್ದರೂ, ತವರು ಬಾಗಿಲು ತೆರೆದಿದ್ದರೂ ಎಷ್ಟೋ ವಿಶ್ವಾಸಿ ಹೆಂಗಸರು ಮನೆ ಬಿಡುವುದಿಲ್ಲ. ದೇವರಿಗೆ ವಿರೋಧವಾಗುತ್ತದೆ ಅನ್ನುವ ಭಯ. ಈ ಗಂಟನ್ನು ಪೊಲೀಸರು ಬಿಡಿಸಲಾರರು, ವಕೀಲರೂ ಬಿಡಿಸಲಾರರು. ಚರ್ಚೇ ಬಿಡಿಸಬೇಕು. ಹಾಕಿದ್ದೂ ನಾವೇ ಅಲ್ವಾ?

‘ಅಧೀನರಾಗಿರಿ’ ಅನ್ನುವ ಎಫೆಸ 5:22 ಎಲ್ಲರಿಗೂ ಬಾಯಿಪಾಠ. ಹಳೆಯ ಗ್ರೀಕ್ ಪ್ರತಿಗಳಲ್ಲಿ ಆ ವಚನಕ್ಕೆ ತನ್ನದೇ ಕ್ರಿಯಾಪದವಿಲ್ಲ. ಹಿಂದಿನ 21ನೇ ವಚನದಿಂದ ಎರವಲು ಪಡೆಯುತ್ತದೆ. ಅಲ್ಲಿರುವುದು ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ. ಮುಂದೆ 25ರಿಂದ 29ರವರೆಗೆ ಗಂಡಂದಿರಿಗೆ ಹೇಳಿದ್ದೇ ಜಾಸ್ತಿ. ಕ್ರಿಸ್ತನು ಸಭೆಗೆ ಪ್ರಾಣ ಕೊಟ್ಟಂತೆ ಪ್ರೀತಿಸಿ, ಸ್ವಂತ ಮೈಯನ್ನು ಯಾರೂ ದ್ವೇಷಿಸುವುದಿಲ್ಲ ಅಂತ. ಈ ಭಾಗವನ್ನು ಎಳೆದು ಹೆಂಡತಿಯನ್ನು ಲೈಂಗಿಕವಾಗಿ ಅಡಿಯಾಳು ಮಾಡಿಕೊಳ್ಳುವುದನ್ನು ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆತೀತಿಯಾ’ ಎಂಬ ಪತ್ರದಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿದ್ದಾರೆ.

ಮಲಾಕಿ 2:16. ‘ದೇವರು ವಿಚ್ಛೇದನವನ್ನು ದ್ವೇಷಿಸುತ್ತಾನೆ’. ಅರ್ಧ ವಚನ ಇದು. ಉಳಿದರ್ಧದಲ್ಲಿ ತನ್ನ ಬಟ್ಟೆಗೆ ಹಿಂಸೆಯನ್ನೇ ಹೊದ್ದುಕೊಂಡವನ ಮಾತೂ ಇದೆ. ಬೈಬಲ್ ತೆರೆದು ಆ ಅರ್ಧವನ್ನು ಅವರ ಕೈಯಿಂದಲೇ ಓದಿಸಿ. ಒಬ್ಬ ಸಹೋದರಿ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿ, ‘ಇದು ಮೊದಲಿಂದಲೂ ಇಲ್ಲೇ ಇತ್ತಾ?’ ಅಂದದ್ದು ನನಗೆ ಈಗಲೂ ಕಿವಿಯಲ್ಲಿದೆ.

‘ಇದು ನಿನ್ನ ಶಿಲುಬೆ, ಹೊರು’. ಯೇಸು ಶಿಲುಬೆ ಹೊತ್ತದ್ದು ನಿಜ. ಅದಕ್ಕೂ ಮೊದಲು ಬೆಟ್ಟದಿಂದ ತಳ್ಳಲು ಬಂದವರ ನಡುವಿನಿಂದ ದಾಟಿ ಹೋದದ್ದೂ ನಿಜ, ಲೂಕ 4:30. ಕಲ್ಲೆತ್ತಿಕೊಂಡಾಗ ಮರೆಯಾದದ್ದೂ ನಿಜ, ಯೋಹಾನ 8:59. ದಾವೀದ ಸೌಲನ ಕೈಯಿಂದ ಓಡಿದ. ಅವನನ್ನು ಕಿಟಕಿಯಿಂದ ಇಳಿಸಿ, ಹಾಸಿಗೆಯಲ್ಲಿ ವಿಗ್ರಹ ಮಲಗಿಸಿ ಹೊದಿಸಿದವಳು ಹೆಂಡತಿ ಮೀಕಲ. ಪೌಲನನ್ನು ದಮಸ್ಕದಲ್ಲಿ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಇವರಲ್ಲಿ ಯಾರಿಗೂ ‘ನಂಬಿಕೆ ಸಾಲದು’ ಅಂತ ಯಾರೂ ಅನ್ನಲಿಲ್ಲ. ಅಬೀಗೈಲಳಂತೂ ಗಂಡ ನಾಬಾಲನಿಗೆ ಒಂದು ಮಾತೂ ಹೇಳದೆ ತೀರ್ಮಾನ ತೆಗೆದುಕೊಂಡು ಇಡೀ ಮನೆಯನ್ನು ಉಳಿಸಿದಳು.

ಇನ್ನು ‘ಎಪ್ಪತ್ತೇಳು ಸಲ ಕ್ಷಮಿಸು’. ಕ್ಷಮಿಸುವುದು ಬೇರೆ, ಅದೇ ಮನೆಗೆ ವಾಪಸ್ ಹೋಗುವುದು ಬೇರೆ. ಒಂದಕ್ಕೆ ಒಬ್ಬರ ಮನಸ್ಸು ಸಾಕು, ಇನ್ನೊಂದಕ್ಕೆ ಇಬ್ಬರೂ ಬೇಕು. ಕ್ಷಮೆಯನ್ನು ಯಾರಿಂದಲೂ ಅವಸರ ಮಾಡಿಸಿ ಕಿತ್ತುಕೊಳ್ಳಬೇಡಿ.

7. ಬೇರೆ ಇರುವುದಕ್ಕೆ ಚರ್ಚಿನಲ್ಲಿ ದಾರಿ ಇದೆ

ಕಥೋಲಿಕರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ನಿಯಮ ಇದು. 1983ರ ಚರ್ಚ್ ಕಾನೂನಿನ 1153ನೇ ವಿಧಿ. ಸಂಗಾತಿ ತನಗೋ ಮಕ್ಕಳಿಗೋ ಆತ್ಮಕ್ಕಾಗಲಿ ದೇಹಕ್ಕಾಗಲಿ ಗಂಭೀರ ಅಪಾಯ ತಂದರೆ, ಬೇರೆ ಹೋಗುವುದಕ್ಕೆ ಅದು ನ್ಯಾಯವಾದ ಕಾರಣ. ಸಾಮಾನ್ಯವಾಗಿ ಬಿಷಪರ ಕಡೆಯಿಂದ ಆದೇಶ ಬೇಕು. ತಡ ಮಾಡಿದರೆ ಅಪಾಯ ಅಂತಿದ್ದರೆ ಯಾರನ್ನೂ ಕೇಳದೆ ತಾವೇ ಹೊರಡಬಹುದು. ಅಂದರೆ ರಾತ್ರಿ ಹನ್ನೆರಡಕ್ಕೆ ಮಕ್ಕಳನ್ನು ಎತ್ತಿಕೊಂಡು ಹೊರಟವರು ಚರ್ಚಿನ ನಿಯಮ ಮುರಿದಿಲ್ಲ. ಬೇರೆ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಪರಮಪ್ರಸಾದಕ್ಕೂ ಅಡ್ಡಿಯಿಲ್ಲ. ಮೇಲೆ ಹೇಳಿದ ಪೋಪರ ಪತ್ರದಲ್ಲೇ, ಕೆಲವೊಮ್ಮೆ ಬೇರೆಯಾಗುವುದು ನೈತಿಕವಾಗಿ ಅಗತ್ಯವೂ ಆಗಬಹುದು ಅಂತಿದೆ.

ಪ್ರೊಟೆಸ್ಟಂಟ್ ಸಭೆಗಳಲ್ಲಿ ವಿಚ್ಛೇದನದ ಬಗ್ಗೆ ಒಂದೊಂದು ಕಡೆ ಒಂದೊಂದು ನಿಲುವು. ಆ ಚರ್ಚೆ ವರ್ಷಗಟ್ಟಲೆ ನಡೆಯಲಿ. ಇವತ್ತು ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನೋದಕ್ಕೆ ಆ ಚರ್ಚೆ ಮುಗಿಯಬೇಕಾಗಿಲ್ಲ. ಹೆಂಡತಿ ಅಗಲಬಾರದು ಅನ್ನುವ 1 ಕೊರಿಂಥ 7ರಲ್ಲೇ ಪೌಲ ‘ಒಂದು ವೇಳೆ ಅಗಲಿದರೆ’ ಅಂತಲೂ ಬರೆದಿದ್ದಾನೆ.

8. ಅವನ ಕಣ್ಣೀರನ್ನು ಏನು ಮಾಡುವುದು

ಹೆಂಡತಿ ಹೊರಟ ವಾರವೇ ಅವನು ಚರ್ಚಿಗೆ ಬರುತ್ತಾನೆ. ಮುಂದೆ ಮಂಡಿಯೂರಿ ಅಳುತ್ತಾನೆ. ಸಭೆ ಕರಗುತ್ತದೆ. ‘ಬ್ರದರ್ ಬದಲಾದರು, ಇನ್ನು ಅವರದ್ದೇ ಹಟ’ ಅಂತ ಮಾತು ತಿರುಗುತ್ತದೆ. ಇದಕ್ಕೆ ಮೊದಲೇ ಸಿದ್ಧವಾಗಿರಿ.

ತೆರಿಗೆ ವಸೂಲಿಯ ಜಕ್ಕಾಯ ಮರದಿಂದ ಇಳಿದು ಸುಮ್ಮನಾಗಲಿಲ್ಲ. ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಅದೇ ಅಳತೆಗೋಲು ಹಿಡಿಯಿರಿ. ‘ಆದರೆ’ ಇಲ್ಲದೆ ಮಾಡಿದ್ದನ್ನು ಒಪ್ಪಿಕೊಳ್ಳುತ್ತಾನಾ? ‘ಅವಳೂ ಬಾಯಿ ಜೋರು’ ಅಂತ ಸೇರಿಸುತ್ತಾನಾ? ಹೆಂಡತಿ ಬರದಿದ್ದರೂ ಮನೆ ಖರ್ಚಿಗೆ ದುಡ್ಡು ಕೊಡುತ್ತಾನಾ? ಹಿಂಸೆ ಮಾಡುವವರಿಗೆಂದೇ ಇರುವ ತರಬೇತಿಗೆ ತಿಂಗಳುಗಟ್ಟಲೆ ಹೋಗುತ್ತಾನಾ? ‘ಬೇಡ’ ಅಂದಾಗ ಸುಮ್ಮನಿರುತ್ತಾನಾ? ಕೊನೆಯದೇ ನಿಜವಾದ ಪರೀಕ್ಷೆ. ಗೇಟಿನ ಹತ್ತಿರ ಕಾದು ನಿಂತು ಬೈಬಲ್ ಕೊಟ್ಟು ಹೋಗುವವನು ಬದಲಾಗಿಲ್ಲ.

ಪಾಸ್ಟರಲ್ ಆರೈಕೆ ಅವನಿಗೂ ಬೇಕು, ಆದರೆ ಅದನ್ನು ಕೊಡುವವರು ಬೇರೆ ಇರಲಿ. ಹಾಡು, ಬೋಧನೆ, ಕಮಿಟಿ, ಎಲ್ಲದರಿಂದ ಕೆಳಗಿಳಿಸಿ. ಇಬ್ಬರಲ್ಲಿ ಒಬ್ಬರು ಬೇರೆ ಚರ್ಚಿಗೆ ಹೋಗಬೇಕಾದರೆ ಅವನು ಹೋಗಲಿ. ಹೆಚ್ಚಿನ ಕಡೆ ಆಗುವುದು ತಲೆಕೆಳಗು. ಅವನು ಮುಂದಿನ ಬೆಂಚಿನಲ್ಲಿ, ಅವರು ಊರು ಬಿಟ್ಟು. ಹೆಂಡತಿಗೆ ಗೌರವ ಕೊಡದಿದ್ದರೆ ಪ್ರಾರ್ಥನೆಗೇ ಅಡ್ಡಿ ಅಂತ ಗಂಡಂದಿರಿಗೆ 1 ಪೇತ್ರ 3:7 ಹೇಳುವಾಗ ಅವನ ಕೈಯಲ್ಲಿ ಮೈಕ್ ಕೊಡುವುದು ಹೇಗೆ?

9. ಯಾರೂ ಬರುವ ಮೊದಲೇ ಮಾಡಿಡಬೇಕಾದದ್ದು

ಯಾರ ಮನೆಯಲ್ಲಿ ಒಂದು ರಾತ್ರಿ ಜಾಗ ಸಿಗುತ್ತದೆ, ಯಾರ ಕಾರು ನಡುರಾತ್ರಿಯಲ್ಲೂ ಬರುತ್ತದೆ ಅಂತ ಮೊದಲೇ ಮಾತಾಡಿಕೊಂಡಿರಿ. ಕಮಿಟಿಗೆ ಹೆಸರು ಹೇಳದೆ ಖರ್ಚು ಮಾಡಬಹುದಾದ ಸ್ವಲ್ಪ ಹಣ ಇರಲಿ. ಪಾಸ್ಟರೇ ಆರೋಪಿಯಾದರೆ ಯಾರ ಹತ್ತಿರ ಹೋಗಬೇಕು ಅನ್ನೋದೂ ಬರೆದಿರಲಿ. ಇದನ್ನು ಬರೆಯಲು ಎಲ್ಲರಿಗೂ ಮುಜುಗರ, ಅದಕ್ಕೇ ಮೊದಲು ಬರೆಯಿರಿ. ಮದುವೆಗೆ ಮುಂಚಿನ ತರಗತಿಯಲ್ಲಿ ಆ ಚಕ್ರದ ಚಿತ್ರ ತೋರಿಸಿ. ಪುಲ್ಪಿಟ್ಟಿನಿಂದ ಒಂದು ಸಲ ‘ಹೊಡೆಯುವುದು ಪಾಪ’ ಅಂತ ಬಾಯಿಬಿಟ್ಟು ಹೇಳಿ. ನಾನು ಕೇಳಿಕೊಂಡು ಬಂದ ನೂರಾರು ಪ್ರಸಂಗಗಳಲ್ಲಿ ಇದನ್ನು ಕೇಳಿದ್ದು ಎರಡೇ ಸಲ. ಎರಡೂ ಸಲ ಆರಾಧನೆ ಮುಗಿದ ಮೇಲೆ ಯಾರೋ ಒಬ್ಬರು ಹಿಂದೆ ಉಳಿದರು.

ಹೆಲ್ಪ್‌ಲೈನ್ ನಂಬರು ನೋಟಿಸ್ ಬೋರ್ಡಿನಲ್ಲಿ ಹಾಕಬೇಡಿ. ಅಲ್ಲಿ ನಿಂತು ಯಾರು ಬರೆದುಕೊಳ್ಳುತ್ತಾರೆ? ಹೆಂಗಸರ ಶೌಚಾಲಯದಲ್ಲಿ, ಬಾಗಿಲಿನ ಒಳಬದಿಗೆ ಅಂಟಿಸಿ. ಕೆಳಗೆ ಹರಿದುಕೊಳ್ಳುವಂತೆ ಸಣ್ಣ ಸಣ್ಣ ಚೀಟಿ ಕತ್ತರಿಸಿರಲಿ. ಚೀಟಿಯಲ್ಲಿ ಬರೀ ನಂಬರು, ಬೇರೆ ಏನೂ ಬೇಡ. ಪರ್ಸಿನಲ್ಲಿ ಸಿಕ್ಕಿದರೂ ಅದೇನು ಅಂತ ಗೊತ್ತಾಗಬಾರದು. ಮೊದಲ ಚೀಟಿಯನ್ನು ನೀವೇ ಹರಿದಿಡಿ, ಯಾರಿಗೂ ಮೊದಲನೆಯವರಾಗಲು ಮನಸ್ಸು ಬರುವುದಿಲ್ಲ. ನಮ್ಮಲ್ಲಿ ನಾನು ಒಂದು ಹರಿದೆ. ತಿಂಗಳ ಕೊನೆಗೆ ಹೋಗಿ ನೋಡಿದರೆ ಇನ್ನೂ ನಾಲ್ಕು ಹೋಗಿದ್ದವು. ಯಾರು ಅಂತ ಕೇಳಲಿಲ್ಲ, ಹೊಸ ಹಾಳೆ ಅಂಟಿಸಿ ಬಂದೆ.